ದಾನವೂ ಪಾಲನೆಯೂ

ಸವಣೂರಿನಲ್ಲಿ ಶ್ರೀಸತ್ಯಬೋಧತೀರ್ಥರ ಆರಾಧನೆಯು ಪ್ರತಿ ಸಂವತ್ಸರವೂ ಫಾಲ್ಗುಣ ಮಾಸದಲ್ಲಿ ಜರುಗುವುದು ವಾಚಕರಿಗೆ ವಿದಿತವೇ ಆಗಿದೆ. ೧೭೪೪ರಿಂದ ೧೭೮೩ರವರೆಗೆ ಉತ್ತರಾದಿ ಮಠದ ಪೀಠವನ್ನಲಂಕರಿಸಿದ್ದ ಆ ಮಹನೀಯರ ಸನ್ನಿಧಿಗೆ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಕಡೆಯ ಮನೆಗಳವರು ಇಂದಿಗೂ ತಪ್ಪದೆ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಆರಾಧನೆಯ ಸಂದರ್ಭದಲ್ಲಿ, ಅಲಂಕಾರ ಪಂಕ್ತಿಯೆಲ್ಲ ಮುಗಿದು, ಸಾಯಂಕಾಲದ ಉಪನ್ಯಾಸದಲ್ಲಿ ಪಂಡಿತರೊಬ್ಬರು ಭೂದಾನದ ಮಹಿಮೆಯನ್ನು ವಿವರಿಸುತ್ತಿದ್ದರು. ದತ್ತವಾದ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವನೆಂಬ ಸ್ಮೃತಿಯ ಮಾತು ಬಂದಾಗ, ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು.

"ಆಚಾರ್ಯರ, ನಮ್ಮ ಭೂಮಿ ಹೋಗಿ ಐವತ್ತು ವರ್ಷಕ್ಕ ಬಂತು. ತಗೊಂಡವರು ಹುಳಾ ಆಗಿಲ್ಲ, ಟ್ರ್ಯಾಕ್ಟರ್ ಕೊಂಡಾರ. ನಾವಽ ಊರು ಬಿಟ್ಟು ಹುಬ್ಬಳ್ಳ್ಯಾಗ ಬಾಡಿಗಿ ಮನ್ಯಾಗ ಇದ್ದೀವಿ. ಇದಕ್ಕೇನಂತೀರಿ?"

ಸಭೆ ನಕ್ಕಿತು. ಪಂಡಿತರೂ ನಗುತ್ತ, ಕರ್ಮಫಲವು ಈ ಜನ್ಮದಲ್ಲಿಯೇ ಒದಗಬೇಕೆಂಬ ನಿಯಮವಿಲ್ಲವೆಂದು ಸಮಾಧಾನ ಹೇಳಿ ಮುಂದುವರಿದರು. ಆದರೆ ಪ್ರಶ್ನೆ ಕೇಳಿದವರು ನಗಲಿಲ್ಲ. ನಾನೂ ನಗಲಿಲ್ಲ. ಏಕೆಂದರೆ ಅದೇ ಪ್ರಶ್ನೆಯನ್ನು ಬಾಲ್ಯದಲ್ಲಿ ನನ್ನ ಮನೆಯಲ್ಲಿಯೇ ಕೇಳಿ ಬೆಳೆದವನು ನಾನು. ಅದು ನಗೆಯಿಂದ ತೇಲಿಸಿಬಿಡುವ ಪ್ರಶ್ನೆಯಲ್ಲ. ನಮ್ಮ ಎಷ್ಟೋ ಕುಟುಂಬಗಳು ಎರಡು ತಲೆಮಾರುಗಳಿಂದ ಮನಸ್ಸಿನಲ್ಲಿ ಹೊತ್ತುಕೊಂಡು ಬಂದಿರುವ ಕಹಿ.

ಮೊದಲು ಈ ಶಾಪವಾಕ್ಯಗಳು ಎಲ್ಲಿಂದ ಬಂದವೆಂಬುದನ್ನು ನೋಡೋಣ. ಅದಕ್ಕೆ ಹಾನಗಲ್ಲಿಗಿಂತ ಉತ್ತಮವಾದ ಸ್ಥಳವು ಬೇರೆ ಬೇಕಿಲ್ಲ. ಶಾಸನಗಳಲ್ಲಿ ಪಾನುಂಗಲ್ ಎಂದೂ, ವಿರಾಟನ ಕೋಟೆಯೆಂದೂ ಹೆಸರಾದ ಈ ಊರು ಕಲ್ಯಾಣ ಚಾಲುಕ್ಯರ ಮಾಂಡಲಿಕರಾದ ಕದಂಬರ ರಾಜಧಾನಿಯಾಗಿತ್ತು. ಪಾನುಂಗಲ್ಲು ಐನೂರು ಎಂಬ ನಾಡಿಗೆ ಇದೇ ಕೇಂದ್ರ. ಅಷ್ಟಕೋನದ ಛತ್ತಿನಲ್ಲಿ ಬೃಹತ್ತಾದ ಕಮಲವು ಅರಳಿ ತೂಗುವ ತಾರಕೇಶ್ವರ ದೇವಾಲಯವನ್ನು ನೋಡಲು ಬಂದವರು ಅಲ್ಲಿನ ವೀರಗಲ್ಲುಗಳನ್ನೂ ಶಾಸನಗಳನ್ನೂ ಸಾಮಾನ್ಯವಾಗಿ ನೋಡದೆ ಹೋಗುತ್ತಾರೆ. ಹಾಗೆ ನೋಡದೆ ಹೋಗುವವರಲ್ಲಿ ನಾವೇ ಮೊದಲಿಗರೆಂಬುದನ್ನು ಮುಂದೆ ಹೇಳಲಿದ್ದೇನೆ.

ಈ ಶಾಸನಗಳ ರಚನೆಯಲ್ಲಿ ಒಂದು ಕ್ರಮವಿದೆ. ಶಿಖರದಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಬಳಿಕ ಅರಸನ ಪ್ರಶಸ್ತಿ, ಶಕವರ್ಷ, ಸಂವತ್ಸರ, ಸಂಕ್ರಮಣವೋ ಗ್ರಹಣವೋ ಆದ ಪುಣ್ಯಕಾಲ. ಆಮೇಲೆ ಪ್ರತಿಗ್ರಹಿಯ ಕಾಲು ತೊಳೆದು ಧಾರಾಪೂರ್ವಕವಾಗಿ ಕೊಟ್ಟ ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ. ಕಟ್ಟಕಡೆಯಲ್ಲಿ ಫಲಶ್ರುತಿ ಮತ್ತು ಶಾಪ. ಅಪಹರಿಸಿದವನಿಗೆ ವಾರಾಣಸಿಯಲ್ಲಿ ಗೋವುಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪವೆಂದು ಹೇಳುವ ಆ ಕೊನೆಯ ಸಾಲುಗಳೇ ನಮ್ಮ ಜನರ ನಾಲಗೆಯ ಮೇಲೆ ಉಳಿದುಕೊಂಡಿವೆ. ಉಳಿದುದನ್ನೆಲ್ಲ ಮರೆತಿದ್ದೇವೆ.

ಮರೆತದ್ದು ಏನು? ಆ ಶಾಪದ ಬಳಿಯಲ್ಲಿಯೇ ಅನೇಕ ಶಾಸನಗಳಲ್ಲಿ ಬರುವ ಇನ್ನೆರಡು ಮೂರು ಮಾತುಗಳಿವೆ. ದಾನ ಮತ್ತು ಪಾಲನೆ ಈ ಎರಡರ ನಡುವೆ ಪಾಲನೆಯೇ ಶ್ರೇಯಸ್ಕರವೆಂಬುದು ಒಂದು. ಕೊಟ್ಟವನಿಗೆ ಸ್ವರ್ಗವಾದರೆ, ಕೊಟ್ಟುದನ್ನು ಕಾಪಾಡಿದವನಿಗೆ ಚ್ಯುತಿಯಿಲ್ಲದ ಪದವಿ. ಈ ಧರ್ಮಸೇತುವು ಎಲ್ಲ ಅರಸರಿಗೂ ಸಮಾನವಾದದ್ದು, ಕಾಲಕಾಲಕ್ಕೆ ಇದನ್ನು ಕಾಪಾಡಿರೆಂದು ಶ್ರೀರಾಮಚಂದ್ರನು ಮುಂದೆ ಬರಲಿರುವ ಅರಸರನ್ನು ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆಂಬುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಹೃದಯಸ್ಪರ್ಶಿಯಾದದ್ದು: ನನ್ನ ವಂಶದಲ್ಲಿ ಹುಟ್ಟಿದವರಾಗಲಿ, ಬೇರೆ ಅರಸರ ವಂಶದಲ್ಲಿ ಹುಟ್ಟಿದವರಾಗಲಿ, ಯಾರು ಈ ನನ್ನ ಧರ್ಮವನ್ನು ಪಾಲಿಸುವರೋ ಅವರಿಗೆ ತಲೆಯ ಮೇಲೆ ಕೈಮುಗಿದಿದ್ದೇನೆ ಎಂದು ದಾನಿಯು ಹೇಳಿಕೊಳ್ಳುವುದು.

ಆಜ್ಞೆ ಮಾಡಬಲ್ಲ ಅರಸನು ಬೇಡುತ್ತಾನೆ! ದಂಡಿಸಬಲ್ಲವನು ಕೈ ಮುಗಿಯುತ್ತಾನೆ! ಇದರ ಮರ್ಮವನ್ನು ಯೋಚಿಸಬೇಕು. ದಾನವು ಒಂದು ಗಳಿಗೆಯ ಕರ್ಮ. ನೀರು ಎರೆದ ಕೂಡಲೇ ಅದು ಮುಗಿಯಿತು. ಆದರೆ ದಾನದ ಉದ್ದೇಶವು, ಅಂದರೆ ದೇವರ ದೀಪವೋ, ವಿದ್ಯಾರ್ಥಿಗಳ ಅನ್ನವೋ, ಕೆರೆಯ ನೀರೋ, ಅದು ಶತಮಾನಗಳ ಕಾಲ ನಡೆಯಬೇಕಾದದ್ದು. ಕೊಟ್ಟವನು ಅಷ್ಟು ಕಾಲ ಬದುಕಿರಲಾರ. ಅವನ ರಾಜ್ಯವೂ ಉಳಿಯಲಾರದು. ಹಾನಗಲ್ಲಿನ ಕದಂಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನು ಈ ಕೋಟೆಯನ್ನು ಹಿಡಿದನು. ೧೧೯೬ರಲ್ಲಿ ಇಮ್ಮಡಿ ವೀರಬಲ್ಲಾಳನು ಮುತ್ತಿದಾಗ ಒಮ್ಮೆ ಅವನನ್ನು ಹಿಂದಟ್ಟಿದ್ದಾಯಿತು, ಆದರೆ ಆ ಗೆಲವು ಬಹುಕಾಲ ಬಾಳಲಿಲ್ಲ. ಆಮೇಲೆ ಸೇವುಣರು, ವಿಜಯನಗರ, ಬಿಜಾಪುರ, ಸವಣೂರು ನವಾಬರು, ಪೇಶವೆಗಳು, ೧೮೧೮ರಲ್ಲಿ ಇಂಗ್ಲಿಷರು. ಇಂತಹ ಭೂಮಿಯ ಮೇಲೆ ನಿಂತು ಆಚಂದ್ರಾರ್ಕವೆಂದು ಬರೆಯಿಸುವವನಿಗೆ ಒಂದೇ ಆಶ್ರಯ. ಇನ್ನೂ ಹುಟ್ಟದ, ಹೆಸರು ಗೊತ್ತಿಲ್ಲದ, ಬಹುಶಃ ಶತ್ರುವೇ ಆಗಿರಬಹುದಾದ ಯಾರೋ ಒಬ್ಬನ ಧರ್ಮಬುದ್ಧಿ. ಆದುದರಿಂದಲೇ ಅವನು ಕೈ ಮುಗಿದನು. ಶಾಪವು ಅಶಕ್ತನ ಆಯುಧವಾಗಿ ಕೊನೆಗೆ ಬಂದಿತು.

ನವಾಬರ ಊರಾದ ಸವಣೂರಿನಲ್ಲಿ ಮಾಧ್ವಯತಿಗಳ ವೃಂದಾವನವು ಎರಡು ಶತಮಾನಗಳಿಗೂ ಮೀರಿ ಪೂಜೆಗೊಳ್ಳುತ್ತ ಬಂದಿರುವುದನ್ನು ಕಂಡಾಗ, ಪರವಂಶದವರಿಗೂ ಅಂಜಲಿ ಎಂಬ ಆ ಮಾತು ಬರಿಯ ಅಲಂಕಾರವಲ್ಲವೆಂದು ನನಗೆ ತೋರುತ್ತದೆ.

ಈಗ ಭೂಮಿಯ ಮಾತು. ಕೊಟ್ಟ ಭೂಮಿಯು ಕೊಂಡವನಿಗೆ ಯಾವ ಅರ್ಥದಲ್ಲಿ ಸ್ವಂತ? ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಒಂದು ಅಧಿಕರಣವಿದೆ. ವಿಶ್ವಜಿತ್ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಹಾಗಾದರೆ ಸಾರ್ವಭೌಮನಾದ ಯಜಮಾನನು ಪೃಥ್ವಿಯನ್ನೇ ಕೊಡಬೇಕೆ? ಕೊಡಲಾಗದು, ಏಕೆಂದರೆ ಪೃಥ್ವಿಯು ಎಲ್ಲರಿಗೂ ಸಮಾನವಾದದ್ದು ಎಂಬುದು ಜೈಮಿನಿಗಳ ನಿರ್ಣಯ. ಭಾಷ್ಯಕಾರರಾದ ಶಬರಸ್ವಾಮಿಗಳು ಇನ್ನೂ ಸ್ಪಷ್ಟಪಡಿಸಿ, ಬೆಳೆದ ಧಾನ್ಯಾದಿಗಳನ್ನು ರಕ್ಷಿಸುವುದಕ್ಕಾಗಿ ಅದರಲ್ಲಿ ಒಂದು ಪಾಲು ಮಾತ್ರವೇ ಅರಸನ ವಿಶೇಷವೆನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ನೀಲಕಂಠಭಟ್ಟರು ವ್ಯವಹಾರಮಯೂಖದಲ್ಲಿ ಇದೇ ನ್ಯಾಯವನ್ನು ಹಿಡಿದು, ಅರಸರು ಮಾಡುವ ಕ್ಷೇತ್ರದಾನವೆಂಬುದು ನೆಲದ ದಾನವಲ್ಲ, ವೃತ್ತಿಕಲ್ಪನೆ ಮಾತ್ರ, ಅಂದರೆ ಜೀವನೋಪಾಯದ ಏರ್ಪಾಡು ಎಂದು ಬರೆದರು. ಹೊಲಗದ್ದೆಗಳ ಒಡೆತನವು ಆಯಾ ಭೂಮಿಯವರದೇ. ದಾನಪಡೆದವನಿಗೆ ಬಂದದ್ದು ಅರಸನಿಗೆ ಬರುತ್ತಿದ್ದ ಪಾಲು.

ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಮುಜುಗರವನ್ನು ಮುಚ್ಚಿಡಲಾರೆ. ನಮ್ಮ ಅಜ್ಜನ ವಾದವೆಲ್ಲ ಭೂಮಿ ನಮ್ಮದು ಎಂಬ ಒಂದೇ ಕಂಬದ ಮೇಲೆ ನಿಂತಿತ್ತು. ಆ ಕಂಬವು ಶಾಸ್ತ್ರದಲ್ಲಿಯೇ ಇಲ್ಲ.

ನಮ್ಮ ಸಿದ್ಧಾಂತದಲ್ಲಂತೂ ಈ ವಿಷಯಕ್ಕೆ ಸಂದೇಹವೇ ಇಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲ ಅಸ್ವತಂತ್ರವೆಂದು ಸಣ್ಣ ಮಕ್ಕಳಿಗೂ ಹೇಳಿಕೊಡುತ್ತೇವೆ. ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು ಹೇಳಿರುವ ಅರ್ಥವಾದರೂ ಅದೇ: ಇದೆಲ್ಲವೂ ಈಶನ ಆವಾಸಸ್ಥಾನ, ಅವನು ಕೊಟ್ಟುದನ್ನು ಮಾತ್ರ ಅನುಭವಿಸು, ಅನ್ಯರ ಧನಕ್ಕೆ ಆಶೆಪಡಬೇಡ. ಪೂಜೆಯ ಕೊನೆಯಲ್ಲಿ ಕೃಷ್ಣಾರ್ಪಣವೆಂದು ನೀರು ಬಿಡುವ ನಾವು, ಅರ್ಪಿಸಿದ ವಸ್ತುವಿನ ಪಹಣಿಯಲ್ಲಿ ನಮ್ಮ ಹೆಸರಿಲ್ಲವೆಂದು ಐವತ್ತು ವರ್ಷ ಕುದಿಯುವುದು ಹೇಗೆ ಸಂಗತವಾದೀತು?

ಇಷ್ಟು ಹೇಳಿದ ಮಾತ್ರಕ್ಕೆ ಆ ಹಿರಿಯರ ನೋವನ್ನು ಅಲ್ಲಗಳೆದಂತಾಗಬಾರದು. ಇನಾಮು, ವತನಗಳು ಒಂದೇ ದಿನ ಹೋದವಲ್ಲ. ೧೮೪೩ರಿಂದಲೇ ಇಂಗ್ಲಿಷ್ ಸರಕಾರವು ಧಾರವಾಡ ಪ್ರಾಂತದ ಇನಾಮುಗಳ ದಾಖಲೆ ಕೇಳತೊಡಗಿತು. ೧೮೫೨ರ ಕಾಯದೆ ಬಂದ ಮೇಲೆ ಸನದು ತೋರಿಸಲಾಗದವರು ಭೂಮಿಯನ್ನು ಕಳೆದುಕೊಂಡರು. (ಅದೇ ಸರಕಾರದ ಅಧಿಕಾರಿಗಳಾಗಿದ್ದ ವಾಲ್ಟರ್ ಈಲಿಯಟ್, ಆಮೇಲೆ ಫ್ಲೀಟ್ ಮುಂತಾದವರು ನಮ್ಮ ಕಲ್ಲುಗಳ ಮೇಲಿನ ದಾನಗಳನ್ನು ಅಕ್ಷರ ಬಿಡದೆ ಪ್ರತಿ ಮಾಡಿಸುತ್ತಿದ್ದರು. ಒಂದು ಕೈ ದಾನವನ್ನು ಓದುತ್ತಿತ್ತು, ಇನ್ನೊಂದು ಕೈ ಅದನ್ನು ಅಳಿಸುತ್ತಿತ್ತು.) ಸ್ವಾತಂತ್ರ್ಯ ಬಂದ ಮೇಲೆ, ನಾವಿನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗಲೇ, ೧೯೫೧ರಲ್ಲಿ ಕುಲಕರ್ಣಿ ವತನಗಳು ರದ್ದಾದವು. ಕೊನೆಯದಾಗಿ, ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ನಮೂನೆ ೭ ತುಂಬಿಕೊಟ್ಟ ಒಕ್ಕಲಿಗೆ ನೆಲ ದೊರಕಿತು. ನೂರಾರು ಎಕರೆಯವರಿಗೆ ಆದ ಕಷ್ಟದ ಬಗ್ಗೆ ನನಗೆ ಹೆಚ್ಚು ಮರುಕವಿಲ್ಲ. ಆದರೆ ಎರಡು ಎಕರೆ ಗದ್ದೆಯ ಕೋರಿನ ಭತ್ತದ ಮೇಲೆಯೇ ಬದುಕಿದ್ದ ಮಡಿಹೆಂಗಸರು ನಮ್ಮ ಓಣಿಯಲ್ಲಿಯೇ ಇದ್ದರು. ತಾವು ಉಳಲಾರದವರು, ಬೇರೆ ದುಡಿಮೆ ತಿಳಿಯದವರು. ಅವರ ಒಲೆ ಆರಿದ್ದು ಸುಳ್ಳಲ್ಲ. ಯಾವ ಮೀಮಾಂಸಾ ನ್ಯಾಯವೂ ಅದಕ್ಕೆ ಸಮಾಧಾನವಾಗದು.

ಆದರೂ ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳಿವೆ. ಶಾಸನಗಳ ಕಾಲದಲ್ಲಿ ಭೂಮಿಯನ್ನು ಕೊಟ್ಟದ್ದು ಬ್ರಾಹ್ಮಣರಿಗೆ ಮಾತ್ರವೆಂದು ನಮ್ಮಲ್ಲಿ ಅನೇಕರ ಭಾವನೆ. ಗೋವುಗಳನ್ನೋ ಊರನ್ನೋ ಕಾಪಾಡಲು ಕಾದಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಇತ್ತು. ಕೆರೆ ಕಟ್ಟಿಸಿದವನಿಗೆ ದಶವಂದವಿತ್ತು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟವಿತ್ತು. ಅಗ್ರಹಾರದ ವೇದಘೋಷಕ್ಕೆ ಅಕ್ಕಿ ಕೊಟ್ಟ ಗದ್ದೆಗೆ ಕೆರೆಯು ನೀರು ಕೊಟ್ಟಿತು. ಆ ಕೆರೆಗೆ ಮಣ್ಣು ಹೊತ್ತವರು ಯಾರು, ತೂಬಿಗೆ ಮುಳುಗಿ ಹೂಳು ತೆಗೆದವರು ಯಾರು, ಕಳ್ಳರು ಬಂದಾಗ ಏರಿಯ ಮೇಲೆ ಬಿದ್ದವರು ಯಾರು? ಕೊಟ್ಟವನ ಹೆಸರು, ಕೊಂಡವನ ಗೋತ್ರ ಸೂತ್ರಗಳು ಕಲ್ಲಿನ ಮೇಲೆ ಬಂದವು. ಪಾಲಿಸಿದವರ ಹೆಸರುಗಳು ಬರಲಿಲ್ಲ. ಅವರಿಗಾಗಿ ಆ ಒಂದು ಕೈಮುಗಿದ ಮಾತು ಮಾತ್ರ ಮುಂಗಡವಾಗಿ ಬರೆದಿಟ್ಟಂತಿದೆ.

ಇದೇ ನೆಲದ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರ ರಾಮಧಾನ್ಯಚರಿತೆ ಇಲ್ಲಿ ನೆನಪಾಗುತ್ತದೆ. ನೆಲ್ಲು ಹೆಚ್ಚೋ ನರೆದಲೆಗ ಹೆಚ್ಚೋ ಎಂದು ವಿವಾದವಾದಾಗ, ಶ್ರೀರಾಮನು ಕುಲಗೋತ್ರಗಳನ್ನು ವಿಚಾರಿಸಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಅವಧಿ ತೀರಿದ ಮೇಲೆ ನೆಲ್ಲು ಸೊರಗಿ ಸತ್ತ್ವಗುಂದಿತ್ತು, ರಾಗಿಯು ಇದ್ದಂತೆಯೇ ಇತ್ತು. ಶ್ರೀರಾಮನು ತನ್ನ ಹೆಸರನ್ನೇ ಅದಕ್ಕೆ ಕೊಟ್ಟನು. ಕಾಲವನ್ನು ತಾಳಿಕೊಂಡು ನಿಂತದ್ದು ಯಾವುದೆಂಬುದೊಂದೇ ಅಲ್ಲಿನ ಪರೀಕ್ಷೆ. ಭತ್ತದ ನಾಡಿನವರಾದ ನಮಗೆ ಈ ಕಥೆಯನ್ನು ಕೇಳಲು ಸ್ವಲ್ಪ ಕಷ್ಟವೇ!

ಇನ್ನು ನನ್ನ ಮನೆಯ ಮಾತು. ಹಾನಗಲ್ಲು ತಾಲೂಕಿನಲ್ಲಿ, ಧರ್ಮಾ ನದಿಯ ಕಡೆಯ ಒಂದು ಸಣ್ಣ ಹಳ್ಳಿ ನಮ್ಮದು. ಊರ ಹೊರಗೆ ಕೆರೆ, ಕೆರೆಯ ಏರಿಯ ಬುಡದಲ್ಲಿ ಹನುಮಪ್ಪನ ಗುಡಿ. ಭೂಮಿ ಹೋದ ವರ್ಷ ಅಜ್ಜನು ಆ ಗುಡಿಯ ಮುಂದೆ ನಿಂತು, ನಮ್ಮ ಗದ್ದೆ ಉಳುತ್ತಿದ್ದ ಒಕ್ಕಲಿನ ಹೆಸರು ಹಿಡಿದು, ಶಾಪದ ಶ್ಲೋಕವನ್ನು ಗಟ್ಟಿಯಾಗಿ ಹೇಳಿದ್ದನ್ನು ನಾನು ಕಂಡಿದ್ದೇನೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಸ್ನಾನ ಸಂಧ್ಯಾವಂದನೆಗಳಲ್ಲಿ ಎಂದೂ ತಪ್ಪದ, ಏಕಾದಶಿಯಂದು ನೀರನ್ನೂ ಮುಟ್ಟದ ಮನುಷ್ಯನ ಬಾಯಿಯಿಂದ ಬಂದ ಆ ಮಾತಿಗೆ ಊರೇ ಹೆದರಿತು. ಆ ಒಕ್ಕಲು ಏನೂ ಉತ್ತರ ಕೊಡದೆ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ಹೋದನು. ಮುಂದಿನ ಎರಡು ವರ್ಷದಲ್ಲಿ ನಾವು ಮನೆಗೆ ಬೀಗ ಹಾಕಿ ಧಾರವಾಡಕ್ಕೆ ಬಂದೆವು.

ಅಜ್ಜನು ಪ್ರತಿದಿನವೂ ಸ್ನಾನ ಮಾಡುತ್ತಿದ್ದ ಬಚ್ಚಲಿನ ಕಲ್ಲನ್ನು ಹೇಳಬೇಕು. ಮೂರು ಮೊಳ ಉದ್ದದ ಹಾಸುಗಲ್ಲು. ಅದರ ಮೇಲೆ ಸಾಲು ಸಾಲಾಗಿ ಅಕ್ಷರಗಳಿದ್ದವು. ಕಾಲು ಜಾರಬಾರದೆಂದು ಅಕ್ಷರಗಳ ಮುಖವನ್ನೇ ಮೇಲೆ ಮಾಡಿ ಹಾಕಿಸಿದ್ದೆಂದು ಅಜ್ಜಿ ಹೇಳುತ್ತಿದ್ದಳು. ಹಾಕಿಸಿದವನು ಅಜ್ಜನ ಅಪ್ಪನೋ, ಅವನ ಅಪ್ಪನೋ. ನಾವೆಲ್ಲರೂ ಅದರ ಮೇಲೆ ನಿಂತು ಗಂಗೇಚ ಯಮುನೇ ಎನ್ನುತ್ತ ಮಿಂದವರೇ. ದಾನಶಾಸನದ ಶಾಪವನ್ನು ಬಾಯಿಪಾಠವಾಗಿ ಬಲ್ಲ ಮನೆತನವು ದಾನಶಾಸನವನ್ನೇ ಬಚ್ಚಲಿಗೆ ಹಾಕಿಕೊಂಡು ಮೂರು ತಲೆಮಾರು ಕಾಲು ತೊಳೆದುಕೊಂಡಿತು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಯಾವ ಪರರಾಜನೂ ಬಂದು ಮಾಡಿದ್ದಲ್ಲ. ನಾವು ಓದಲಿಲ್ಲ, ಅಷ್ಟೆ.

ಬಹಳ ವರ್ಷಗಳ ಮೇಲೆ, ಬಿದ್ದುಹೋಗುತ್ತಿದ್ದ ಮನೆಯ ವ್ಯವಸ್ಥೆಗೆಂದು ಊರಿಗೆ ಹೋದಾಗ, ಅದೇ ಒಕ್ಕಲಿನ ಮಗ ಬಸ್ಸಿನ ನಿಲ್ದಾಣದಲ್ಲಿಯೇ ಗುರುತು ಹಿಡಿದನು. "ಬರ್ರಿ ರಾಯರ, ಕೆರಿ ನೋಡ್ಕೊಂಡು ಹೋಗೂಣು" ಎಂದನು. ಗುಡಿಗಿಂತ ಮೊದಲು ಕೆರೆ! ಹಿಂದಿನ ಬೇಸಗೆಯಲ್ಲಿ ಊರವರು ಸೇರಿ ಹೂಳು ತೆಗೆಸಿದ್ದರು. ಕೋಡಿಯ ಕಲ್ಲುಗಳನ್ನು ಹೊಂದಿಸಿದ್ದರು, ತೂಬಿನ ಬಾಯಿಯಲ್ಲಿ ಬೆಳೆದಿದ್ದ ಅರಳಿಯ ಸಸಿಯನ್ನು ಕಿತ್ತಿದ್ದರು. ಕೆಳಗಿನ ಬಯಲಿನಲ್ಲಿ ಭತ್ತ ತಲೆದೂಗುತ್ತಿತ್ತು. ಅವನನ್ನು ನಾನು ಧರ್ಮಾತ್ಮನೆಂದು ಹೊಗಳಲು ಹೊರಟಿಲ್ಲ. ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲಿಗೆ ಅವನು ಎತ್ತು ಕಟ್ಟುತ್ತಿದ್ದುದನ್ನೂ ನೋಡಿದೆ. ಕೆರೆಯನ್ನು ಕಾಪಾಡಿದ್ದು ತನ್ನ ಗದ್ದೆಗಾಗಿಯೇ ಹೊರತು ಯಾವ ಕದಂಬನ ಪುಣ್ಯಕ್ಕಾಗಿಯೂ ಅಲ್ಲ. ಆದರೆ ಯಾವನೋ ಒಬ್ಬನು ಎಂಟುನೂರು ಒಂಬೈನೂರು ವರ್ಷಗಳ ಹಿಂದೆ ಕೈ ಮುಗಿದು ಬೇಡಿಕೊಂಡದ್ದು ನೀರು ನಿಲ್ಲಲಿ, ಬೆಳೆ ಬರಲಿ, ದೀಪ ಉರಿಯಲಿ ಎಂದಲ್ಲವೇ? ನೀರು ನಿಂತಿತ್ತು, ಬೆಳೆ ಬಂದಿತ್ತು. ದೀಪದ ಎಣ್ಣೆಗೆ ಶನಿವಾರಕ್ಕೊಮ್ಮೆ ಅವನ ಹೆಂಡತಿ ಬರುತ್ತಾಳೆಂದು ತಿಳಿಯಿತು. ನಮ್ಮ ಪಾಲಿನ ಪೂಜೆ ಮಾತ್ರ ನಾವು ಬೀಗ ಹಾಕಿದಂದಿನಿಂದ ನಿಂತಿತ್ತು.

ಅರ್ಚಕರಿಲ್ಲದೆ ನಿಂತ ಪೂಜೆಯನ್ನು ಭೂಸುಧಾರಣೆಯ ಲೆಕ್ಕಕ್ಕೆ ಬರೆಯುವುದು ನಮ್ಮವರ ವಾಡಿಕೆ. ವರಮಾನವಿಲ್ಲದೆ ಪೂಜೆ ಹೇಗೆ ನಡೆದೀತೆಂಬ ಪ್ರಶ್ನೆ ಸಹಜ. ಆದರೆ ಧಾರವಾಡಕ್ಕೆ ಬಂದು ಮೂವರು ಮಕ್ಕಳೂ ಸಂಬಳಕ್ಕೆ ಸೇರಿದ ಮೇಲೆ, ಮೂವತ್ತು ವರ್ಷಗಳಲ್ಲಿ ಒಂದು ಸೇರು ಎಣ್ಣೆಯನ್ನು ಕಳುಹಿಸಲಾಗದಷ್ಟು ಬಡತನವೇನೂ ನಮ್ಮ ಮನೆಯಲ್ಲಿರಲಿಲ್ಲ. ಭೂಮಿಯೊಡನೆ ಕರ್ತವ್ಯವೂ ಹೋಯಿತೆಂದು ನಾವು ತಿಳಿದುಕೊಂಡೆವು. ವೃತ್ತಿಕಲ್ಪನೆ ಹೋದದ್ದು ನಿಜ. ಅಂಜಲಿಯ ಮಾತಿನಲ್ಲಿ ವೃತ್ತಿಯ ಷರತ್ತಿರಲಿಲ್ಲ.

ಆ ದಿನ ಬಚ್ಚಲಿನ ಕಲ್ಲನ್ನು ಕೀಳಿಸಿದೆವು. ಒಕ್ಕಲಿನ ಮಗನೇ ಹಾರೆ ಹಾಕಿ ಎಬ್ಬಿಸಿದನು, ತನ್ನ ಟ್ರ್ಯಾಕ್ಟರಿನ ಮೇಲೆಯೇ ಹೇರಿಸಿ ಹನುಮಪ್ಪನ ಗುಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದನು. ವೀರಗಲ್ಲಿನಿಂದ ಎತ್ತನ್ನು ಬಿಚ್ಚಿ ಬೇರೆ ಕಡೆ ಕಟ್ಟಿದನು. ನಾನು ಹೇಳಿದ್ದರಿಂದಲ್ಲ, ಕಲ್ಲು ಇಳಿಸಲು ಜಾಗ ಬೇಕಾಗಿದ್ದರಿಂದ! ಕೆಲವು ತಿಂಗಳ ಮೇಲೆ ಶಾಸನವನ್ನು ಓದಬಲ್ಲ ಸ್ನೇಹಿತರೊಬ್ಬರನ್ನು ಧಾರವಾಡದಿಂದ ಕರೆದುಕೊಂಡು ಹೋದೆ. ಮೂರು ತಲೆಮಾರಿನ ಕಾಲುಗಳು ಉಜ್ಜಿದ ಜಾಗದಲ್ಲಿ ಏನೂ ಉಳಿದಿರಲಿಲ್ಲ. ಅರಸನ ಹೆಸರು ಇಲ್ಲ. ಕೊಟ್ಟವನ ಹೆಸರು ಇಲ್ಲ. ಕೊಂಡವನು ನಮ್ಮ ಹಿರಿಯನೋ, ಶೈವಾಚಾರ್ಯನೋ, ಜೈನ ಬಸದಿಯೋ ತಿಳಿಯುವಂತಿಲ್ಲ. ಲಿಪಿಯನ್ನು ನೋಡಿದರೆ ಶ್ರೀಮದಾಚಾರ್ಯರ ಅವತಾರಕ್ಕೂ ಮುಂಚಿನದೆಂದು ಮಾತ್ರ ಅವರು ಹೇಳಿದರು. ಶಾಪದ ಭಾಗವಂತೂ ಪೂರ್ತಿ ಸವೆದಿತ್ತು. ಅಂಚಿನಲ್ಲಿ, ಬಚ್ಚಲಿನ ಗೋಡೆಯ ಕೆಳಗೆ ಹುದುಗಿದ್ದ ಕಾರಣ ಸವೆಯದೆ ಉಳಿದ ಒಂದೂವರೆ ಸಾಲನ್ನು ಅವರು ಸುಣ್ಣದ ಪುಡಿ ಉಜ್ಜಿ ಓದಿದರು. ಕೆರೆಯ ಕೆಳಗಣ ಗದ್ದೆಯೆಂದೂ, ಮತ್ತರು ಇಷ್ಟೆಂದೂ ಅದರಲ್ಲಿತ್ತು. ಎಷ್ಟೆಂಬ ಅಂಕೆಯ ಮೇಲೆ ಕಲ್ಲು ಒಡೆದಿತ್ತು.

ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಒಕ್ಕಲಿನ ಮಗ, "ಯಾ ಕೆರಿ ಅದು?" ಎಂದು ಕೇಳಿದನು. ಸ್ನೇಹಿತರು ಏರಿಯ ಕಡೆಗೆ ಕೈ ತೋರಿಸಿದರು.